74 ದಿನಗಳ ಉಪವಾಸ: ಕಾರ್ಕ್ ನಗರದ ಮೇಯರ್ ಟೆರೆನ್ಸ್ ಮ್ಯಾಕ್‌ಸ್ವೀನಿ

ಉಪವಾಸ ನಮಗೆ ಹೊಸದಲ್ಲ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಂದು ನಮ್ಮ ಮನೆಗಳಲ್ಲಿ ಒಂದು ಹೊತ್ತಿನ ಊಟ ಬಿಡುತ್ತೇವೆ, ಮಕ್ಕಳಿಗೂ ಅದನ್ನು ಕಲಿಸುತ್ತೇವೆ. ಪ್ರಾಯಶ್ಚಿತ್ತಕ್ಕಾಗಿ, ಪ್ರಾರ್ಥನೆಗಾಗಿ ಮಾಡುವ ಉಪವಾಸ ಅದು. ಆದರೆ ಒಬ್ಬ ಭಕ್ತ ಕಥೋಲಿಕ ಗೃಹಸ್ಥ, ಎರಡು ವರ್ಷದ ಹೆಣ್ಣು ಮಗುವಿನ ತಂದೆ, ಪರಮಪ್ರಸಾದ ಸ್ವೀಕರಿಸುತ್ತಲೇ 74 ದಿನ ಆಹಾರ ಮುಟ್ಟದೆ ಸೆರೆಮನೆಯಲ್ಲಿ ಪ್ರಾಣ ಬಿಟ್ಟರೆ ಅದನ್ನು ಏನೆಂದು ಕರೆಯಬೇಕು? ತ್ಯಾಗವೆನ್ನಬೇಕೇ? ಪಾಪವೆನ್ನಬೇಕೇ?

1920ರ ಶರತ್ಕಾಲದಲ್ಲಿ ಐರ್ಲೆಂಡಿನ ಧರ್ಮಾಧ್ಯಕ್ಷರು, ಗುರುಗಳು, ದೈವಶಾಸ್ತ್ರದ ಪ್ರಾಧ್ಯಾಪಕರು ಮಾತ್ರವಲ್ಲ, ದೂರದ ದೇಶಗಳ ಸಾಮಾನ್ಯ ಜನರೂ ಈ ಪ್ರಶ್ನೆಯನ್ನು ಕೇಳಿಕೊಂಡರು. ಆ ಗೃಹಸ್ಥನ ಹೆಸರು ಟೆರೆನ್ಸ್ ಮ್ಯಾಕ್‌ಸ್ವೀನಿ. ದಕ್ಷಿಣ ಐರ್ಲೆಂಡಿನ ಕಾರ್ಕ್ ನಗರದ ಲಾರ್ಡ್ ಮೇಯರ್ ಆಗಿದ್ದವರು. ನಮ್ಮ ದೇಶದ ಸ್ವಾತಂತ್ರ್ಯ ಹೋರಾಟಗಾರರಿಗೆ ಈ ಹೆಸರು ಚೆನ್ನಾಗಿ ಗೊತ್ತಿತ್ತು. ಇಂದಿನ ಪೀಳಿಗೆಗೆ ಅದು ಮರೆತುಹೋಗಿದೆ.

ತಂದೆಯಿಲ್ಲದ ಮನೆ

ಟೆರೆನ್ಸ್ ಹುಟ್ಟಿದ್ದು 1879ರ ಮಾರ್ಚ್ 28ರಂದು, ಕಾರ್ಕ್ ನಗರದಲ್ಲಿ. ತಂದೆ ಜಾನ್ ಅವರು ನೆಂಟರೊಬ್ಬರ ಜೊತೆ ಸೇರಿ ನಡೆಸುತ್ತಿದ್ದ ತಂಬಾಕಿನ ಕಾರ್ಖಾನೆ ನಷ್ಟದಿಂದ ಮುಚ್ಚಿಹೋಯಿತು. 1885ರಲ್ಲಿ ಅವರು ಬದುಕು ಅರಸಿ ಆಸ್ಟ್ರೇಲಿಯಾಕ್ಕೆ ಹೊರಟರು. ಮರಳಿ ಬರಲಿಲ್ಲ, ಅಲ್ಲಿಯೇ ತೀರಿಕೊಂಡರು. ಆಗ ಟೆರೆನ್ಸ್‌ಗೆ ಆರು ವರ್ಷ. ಮಕ್ಕಳೆಲ್ಲರನ್ನೂ ಸಾಕುವ ಹೊರೆ ತಾಯಿ ಮೇರಿಯ ಮೇಲೆ ಬಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿದ ಆ ಮಹಾತಾಯಿ ಬಡತನದಲ್ಲಿಯೂ ಮಕ್ಕಳಿಗೆ ಪ್ರಾರ್ಥನೆಯ ಅಭ್ಯಾಸವನ್ನೂ ಓದಿನ ಹಂಬಲವನ್ನೂ ಕೊಟ್ಟರು. 1904ರಲ್ಲಿ ತಾಯಿ ತೀರಿಕೊಂಡಾಗ ಹಿರಿಯ ಅಕ್ಕ ಮೇರಿ ಇಂಗ್ಲೆಂಡಿನಲ್ಲಿದ್ದ ತಮ್ಮ ಕೆಲಸ ಬಿಟ್ಟು ಬಂದು ಮನೆಯ ಜವಾಬ್ದಾರಿ ಹೊತ್ತರು. ಮುಂದೆ ತಮ್ಮನ ಸೆರೆಮನೆಯ ಮಂಚದ ಪಕ್ಕದಲ್ಲಿ ನಿಂತವರೂ ಇದೇ ಅಕ್ಕ.

ಕ್ರೈಸ್ತ ಸಹೋದರರ ನಾರ್ತ್ ಮೊನಾಸ್ಟರಿ ಶಾಲೆಯಲ್ಲಿ ಓದುತ್ತಿದ್ದ ಹುಡುಗ ಹದಿನೈದನೆಯ ವಯಸ್ಸಿಗೇ ಶಾಲೆ ಬಿಟ್ಟು ಒಂದು ವ್ಯಾಪಾರಿ ಸಂಸ್ಥೆಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಬೇಕಾಯಿತು. ಆದರೆ ಓದು ನಿಲ್ಲಲಿಲ್ಲ. ಹಗಲಿಡೀ ದುಡಿದು, ಊರು ಏಳುವ ಮೊದಲೇ ಎದ್ದು ಓದಿ, 1907ರಲ್ಲಿ ರಾಯಲ್ ಯೂನಿವರ್ಸಿಟಿಯಿಂದ ಮನಃಶಾಸ್ತ್ರ ಮತ್ತು ನೀತಿಶಾಸ್ತ್ರದಲ್ಲಿ ಪದವಿ ಪಡೆದರು. ಗುರುಮಠದಲ್ಲಿ ನಾವು ಓದಿದ ನೀತಿಶಾಸ್ತ್ರವನ್ನೇ ಈ ಗುಮಾಸ್ತರು ದೀಪದ ಬೆಳಕಿನಲ್ಲಿ ಓದಿದರೆಂಬುದನ್ನು ನೆನಪಿಡೋಣ. ಮುಂದಿನ ಅವರ ನಡೆಯನ್ನು ಅರಿಯಲು ಇದು ಮುಖ್ಯ. ಅವರು ಕ್ಷಣದ ಆವೇಶಕ್ಕೆ ಒಳಗಾಗುವ ಮನುಷ್ಯರಾಗಿರಲಿಲ್ಲ. ನಾಟಕ ಬರೆದರು, ಕವಿತೆ ಬರೆದರು, ಗೇಲಿಕ್ ಭಾಷೆ ಕಲಿತು ಕಲಿಸಿದರು. 1908ರಲ್ಲಿ ಗೆಳೆಯ ಡೇನಿಯಲ್ ಕಾರ್ಕರಿ ಮುಂತಾದವರ ಜೊತೆ ಸೇರಿ ಕಾರ್ಕ್ ನಾಟಕ ಸಂಘವನ್ನು ಕಟ್ಟಿದರು. 1911ರ ನಂತರ ಹಳ್ಳಿ ಪಟ್ಟಣಗಳಲ್ಲಿ ವಾಣಿಜ್ಯ ವಿಷಯಗಳನ್ನು ಕಲಿಸುವ ಸರ್ಕಾರಿ ಶಿಕ್ಷಣ ಯೋಜನೆಯಲ್ಲಿ ಕೆಲಸ ಮಾಡಿದರು. 1913ರ ಕೊನೆಯಲ್ಲಿ ಐರಿಷ್ ಸ್ವಯಂಸೇವಕ ಪಡೆ ಕಾರ್ಕ್‌ನಲ್ಲಿ ಆರಂಭವಾದಾಗ ಅದರ ಮುಂದಾಳುಗಳಲ್ಲಿ ಒಬ್ಬರಾದರು.

ಯುದ್ಧ ತಂದ ಕಾನೂನು

1914ರ ಆಗಸ್ಟ್‌ನಲ್ಲಿ ಮೊದಲನೆಯ ಮಹಾಯುದ್ಧ ಶುರುವಾಯಿತು. ಬ್ರಿಟನ್ ಯುದ್ಧ ಸಾರಿದ ನಾಲ್ಕೇ ದಿನಗಳಲ್ಲಿ, ಆಗಸ್ಟ್ 8ರಂದು, ಲಂಡನ್ನಿನ ಸಂಸತ್ತು ಹೆಚ್ಚಿನ ಚರ್ಚೆಯಿಲ್ಲದೆ ಸಾಮ್ರಾಜ್ಯ ರಕ್ಷಣಾ ಕಾಯ್ದೆಯನ್ನು ಒಪ್ಪಿಕೊಂಡಿತು. ಇಂಗ್ಲಿಷಿನ ಮೊದಲ ಅಕ್ಷರಗಳನ್ನು ಸೇರಿಸಿ ಜನ ಅದನ್ನು ‘ಡೋರಾ’ ಎಂದು ಕರೆದರು. ಕೇಳಲು ಹೆಣ್ಣು ಮಗಳೊಬ್ಬಳ ಹೆಸರಿನಂತಿದ್ದರೂ ಅದರ ಕೈ ಬಲು ಉದ್ದವಾಗಿತ್ತು. ದೇಶದ ರಕ್ಷಣೆಗೆ ಬೇಕೆಂದು ಸರ್ಕಾರಕ್ಕೆ ತೋಚಿದ ನಿಯಮಗಳನ್ನು ಸಂಸತ್ತಿನ ಮುಂದೆ ಮತ್ತೆ ಹೋಗದೆ ಹೊರಡಿಸಲು ಅದು ಅಧಿಕಾರ ಕೊಟ್ಟಿತು. ಸೇನಾ ನ್ಯಾಯಾಲಯದಲ್ಲಿ ನಾಗರಿಕರನ್ನು ವಿಚಾರಿಸಲು ದಾರಿ ಮಾಡಿತು. ಅಸಮಾಧಾನ ಹುಟ್ಟಿಸುವ ಮಾತನ್ನಾಡುವುದು, ಅಂಥ ಬರಹ ಅಚ್ಚು ಹಾಕುವುದು ಅಪರಾಧವಾಯಿತು. ವಿಚಾರಣೆಯೇ ಇಲ್ಲದೆ ಜನರನ್ನು ಬಂಧಿಸಿಡಲು, ಊರಿನಿಂದ ಗಡಿಪಾರು ಮಾಡಲು ಅವಕಾಶವಾಯಿತು.

ಯುದ್ಧಕಾಲದಲ್ಲಿ ಕಟ್ಟುನಿಟ್ಟು ಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಶತ್ರುವಿನ ಗೂಢಚಾರರನ್ನು ಹಿಡಿಯುವುದು ಯಾವ ಸರ್ಕಾರಕ್ಕೂ ಕರ್ತವ್ಯವೇ. ಸಂತ ಥಾಮಸ್ ಅಕ್ವಿನಾಸರು ಕಾನೂನಿನ ಲಕ್ಷಣ ಹೇಳುವಾಗ ಅದು ಸರ್ವರ ಹಿತಕ್ಕಾಗಿ ಇರಬೇಕೆಂದು ಕಲಿಸಿದರು. ಆ ಹಿತಕ್ಕಾಗಿ ಕೆಲಕಾಲ ಸ್ವಾತಂತ್ರ್ಯವನ್ನು ಮೊಟಕು ಮಾಡಿದರೆ ಪ್ರಜೆ ಸಹಿಸಿಕೊಳ್ಳಬೇಕು. ಇಂಗ್ಲೆಂಡಿನ ಜನರು ಸಹಿಸಿಕೊಂಡರು. ಅವರಿಗೆ 1915ರ ಮಾರ್ಚ್‌ನಲ್ಲಿ ಜ್ಯೂರಿಯ ಮುಂದೆ ವಿಚಾರಣೆ ಕೇಳುವ ಹಕ್ಕನ್ನು ಮರಳಿ ಕೊಡಲಾಯಿತು. ಆದರೆ ಅಗತ್ಯ ಬಿದ್ದಾಗ ಆ ಹಕ್ಕನ್ನು ತಡೆಹಿಡಿಯುವ ಅಧಿಕಾರವನ್ನು ಸರ್ಕಾರ ತನ್ನಲ್ಲೇ ಇಟ್ಟುಕೊಂಡಿತು. ಆ ಅಧಿಕಾರವನ್ನು ಬಳಸಿದ್ದು ಐರ್ಲೆಂಡಿನ ಮೇಲೆ, 1916ರ ಏಪ್ರಿಲ್‌ನಲ್ಲಿ. ಒಂದೇ ಕಾನೂನು ಒಂದು ಜನಾಂಗಕ್ಕೆ ಬೇಲಿಯಾಯಿತು, ಇನ್ನೊಂದಕ್ಕೆ ಸಂಕೋಲೆಯಾಯಿತು.

ಮ್ಯಾಕ್‌ಸ್ವೀನಿ ಈ ಕಾನೂನಿನ ರುಚಿಯನ್ನು ಮೊದಲು ಕಂಡದ್ದು ಪತ್ರಿಕೆಯ ಮೂಲಕ. 1914ರ ಸೆಪ್ಟೆಂಬರಿನಲ್ಲಿ ಅವರು ‘ಫಿಯನ್ನ ಫಾಲ್’ ಎಂಬ ಚಿಕ್ಕ ವಾರಪತ್ರಿಕೆ ಆರಂಭಿಸಿದರು. ಅದರ ಖರ್ಚಿಗಾಗಿ ಪ್ರಾಣದಂತೆ ಕೂಡಿಸಿಟ್ಟಿದ್ದ ಪುಸ್ತಕಗಳನ್ನೇ ಮಾರಿದರೆಂದು ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಹನ್ನೊಂದು ಸಂಚಿಕೆ ಹೊರಬರುವಷ್ಟರಲ್ಲಿ, ಡಿಸೆಂಬರಿನಲ್ಲಿ, ಸರ್ಕಾರ ಅದನ್ನು ನಿಲ್ಲಿಸಿತು.

ಪಾಸ್ಕ ಹಬ್ಬದ ದಂಗೆ

1916ರ ಪಾಸ್ಕ ಹಬ್ಬದ ಸೋಮವಾರ ಡಬ್ಲಿನ್ನಿನಲ್ಲಿ ದಂಗೆ ಎದ್ದಿತು. ಕಾರ್ಕ್‌ನಲ್ಲಿ ಸ್ವಯಂಸೇವಕರ ನಾಯಕ ಟೋಮಾಸ್ ಮ್ಯಾಕ್ ಕರ್ಟನ್, ಅವರ ಬಲಗೈ ಟೆರೆನ್ಸ್. ಡಬ್ಲಿನ್ನಿನಿಂದ ಹೊರಡಿರೆಂಬ ಆಜ್ಞೆ ಬಂತು, ಅದರ ಬೆನ್ನಲ್ಲೇ ಹೊರಡಬೇಡಿರೆಂಬ ಆಜ್ಞೆಯೂ ಬಂತು. ಗೊಂದಲದಲ್ಲಿ ಕಾರ್ಕ್‌ನವರು ಸುಮ್ಮನೆ ಉಳಿದರು. ಅಂದಿನ ಸಹಾಯಕ ಧರ್ಮಾಧ್ಯಕ್ಷ ಡೇನಿಯಲ್ ಕೊಹಲನ್ ಮತ್ತು ನಗರದ ಮೇಯರ್ ನಡುವೆ ನಿಂತು ಸಂಧಾನ ಮಾಡಿದರು. ರಕ್ತಪಾತ ತಪ್ಪಿತು, ಆಯುಧಗಳು ಮೇಯರ್ ಕೈಸೇರಿದವು. ಆದರೆ ಯಾರನ್ನೂ ಬಂಧಿಸಬಾರದೆಂಬ ಆ ಸಂಧಾನ ಉಳಿಯಲಿಲ್ಲ. ಮೇ ತಿಂಗಳ ಆರಂಭದಲ್ಲಿ ಇಬ್ಬರೂ ನಾಯಕರ ಕೈಗೆ ಬೇಡಿ ಬಿತ್ತು.

ದಂಗೆಯ ನಂತರ ಸುಮಾರು 3,500 ಜನರನ್ನು ಬಂಧಿಸಲಾಯಿತು. ಬಾಗಿಲು ಮುಚ್ಚಿದ ಸೇನಾ ನ್ಯಾಯಾಲಯಗಳಲ್ಲಿ, ವಕೀಲರಿಲ್ಲದೆ, ಕೆಲವೇ ನಿಮಿಷಗಳಲ್ಲಿ ವಿಚಾರಣೆಗಳು ಮುಗಿದವು. 15 ಮಂದಿಯನ್ನು ಗುಂಡಿಟ್ಟು ಕೊಂದರು. ಸುಮಾರು 1,800 ಜನರನ್ನು ಯಾವ ವಿಚಾರಣೆಯೂ ಇಲ್ಲದೆ ವೇಲ್ಸ್ ಪ್ರಾಂತದ ಫ್ರಾಂಗೊಕ್ ಶಿಬಿರಕ್ಕೆ ಸಾಗಿಸಿದರು. ಟೆರೆನ್ಸ್ ವೇಕ್‌ಫೀಲ್ಡ್, ಫ್ರಾಂಗೊಕ್, ರೆಡಿಂಗ್ ಎಂಬ ಮೂರು ಸೆರೆಗಳನ್ನು ಕಂಡು ಆ ವರ್ಷದ ಕ್ರಿಸ್ಮಸ್ ವೇಳೆಗೆ ಬಿಡುಗಡೆಯಾದರು. ತಮ್ಮ ಗೆಳೆಯರು ಡಬ್ಲಿನ್ನಿನಲ್ಲಿ ಸತ್ತಾಗ ತಾನು ಸುಮ್ಮನಿದ್ದೆನಲ್ಲಾ ಎಂಬ ನೋವು ಮಾತ್ರ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಸೆರೆಮನೆಗಳ ನಡುವೆ ಸಂಸಾರ

1917ರ ಫೆಬ್ರವರಿಯಲ್ಲಿ ಮತ್ತೆ ಬಂಧನ. ಈ ಸಲ ಇಂಗ್ಲೆಂಡಿನ ಬ್ರೊಮ್ಯಾರ್ಡ್ ಎಂಬ ಊರಿಗೆ ಗಡಿಪಾರು. ಅಲ್ಲಿಯೇ, ಜೂನ್ ತಿಂಗಳಲ್ಲಿ, ಮ್ಯೂರಿಯಲ್ ಮರ್ಫಿ ಎಂಬ ಯುವತಿಯನ್ನು ಅವರು ವಿವಾಹವಾದರು. ಆಕೆ ಕಾರ್ಕ್‌ನ ಸಿರಿವಂತ ಮದ್ಯೋದ್ಯಮಿಗಳ ಮನೆತನದವರು. ದಿಕ್ಕಿಲ್ಲದ ಕ್ರಾಂತಿಕಾರನಿಗೆ ಮಗಳನ್ನು ಕೊಡಲು ಮನೆಯವರಿಗೆ ಇಷ್ಟವಿರಲಿಲ್ಲ. ಆದರೂ ಮ್ಯೂರಿಯಲ್ ಹಿಂಜರಿಯಲಿಲ್ಲ.

ಅವರ ಸಂಸಾರ ಸುಖ ಎಷ್ಟು ದಿನದ್ದು? 1917ರ ನವೆಂಬರಿನಲ್ಲಿ ಮತ್ತೆ ಸೆರೆ, ಉಪವಾಸ, ಬಿಡುಗಡೆ. 1918ರ ಮಾರ್ಚ್‌ನಲ್ಲಿ ಇನ್ನೊಮ್ಮೆ ಬಂಧನ. ಜೂನ್‌ನಲ್ಲಿ ಮಗಳು ಮಾಯ್ರಾ ಹುಟ್ಟಿದಾಗ ತಂದೆ ಸೆರೆಯಲ್ಲಿದ್ದರು. ಬಾಣಂತಿ ಮ್ಯೂರಿಯಲ್ ಹಸುಗೂಸನ್ನು ಎತ್ತಿಕೊಂಡು ಬೆಲ್ಫಾಸ್ಟಿನ ಸೆರೆಮನೆಗೆ ಹೋದರು. ತಂದೆ ಮಗಳ ಮುಖವನ್ನು ಮೊದಲು ನೋಡಿದ್ದು ಅಲ್ಲಿ. ಆ ವರ್ಷದ ಡಿಸೆಂಬರಿನ ಚುನಾವಣೆಯಲ್ಲಿ ಮಿಡ್ ಕಾರ್ಕ್ ಕ್ಷೇತ್ರ ಅವರನ್ನು ಅವಿರೋಧವಾಗಿ ಆರಿಸಿತು. ಅವರು ಬಿಡುಗಡೆಯಾದದ್ದು 1919ರ ಮಾರ್ಚ್‌ನಲ್ಲಿ.

ಯುದ್ಧ ಮುಗಿದದ್ದು 1918ರ ನವೆಂಬರ್ 11ರಂದು. ಆದರೆ ಯುದ್ಧದ ಕಾನೂನು ಮುಗಿಯಲಿಲ್ಲ. ಕಡತಗಳ ಲೆಕ್ಕದಲ್ಲಿ ಯುದ್ಧ 1921ರ ಆಗಸ್ಟ್ 31ರವರೆಗೆ ನಡೆಯುತ್ತಲೇ ಇತ್ತು! ರಣರಂಗದಲ್ಲಿ ತೋಪುಗಳು ಸುಮ್ಮನಾದರೂ ಐರ್ಲೆಂಡಿನ ಬೀದಿಗಳಲ್ಲಿ ತುರ್ತು ಪರಿಸ್ಥಿತಿ ಉಳಿಯಿತು. ಕಾಯಿಲೆ ವಾಸಿಯಾದ ಮೇಲೂ ಕಹಿ ಮದ್ದನ್ನು ಬಾಯಿಗೆ ಹುಯ್ಯುತ್ತಿದ್ದರೆ ಅದು ಮದ್ದಾಗಿ ಉಳಿಯುವುದೇ?

ಕೊಲೆಯಾದ ಮೇಯರ್ ಪೀಠ

1920ರ ಜನವರಿಯಲ್ಲಿ ಟೋಮಾಸ್ ಮ್ಯಾಕ್ ಕರ್ಟನ್ ಕಾರ್ಕ್‌ನ ಲಾರ್ಡ್ ಮೇಯರ್ ಆದರು. ಮಾರ್ಚ್ 20ರ ನಸುಕಿನಲ್ಲಿ ಮುಖಕ್ಕೆ ಮಸಿ ಬಳಿದುಕೊಂಡ ಜನ ಅವರ ಮನೆಗೆ ನುಗ್ಗಿ, ಮನೆಯವರು ಇದ್ದಂತೆಯೇ ಅವರನ್ನು ಗುಂಡಿಟ್ಟು ಕೊಂದರು. ಅಂದು ಅವರ 36ನೆಯ ಹುಟ್ಟುಹಬ್ಬ. ಸಾವಿನ ವಿಚಾರಣೆ ನಡೆಸಿದ ಜ್ಯೂರಿ ಏಪ್ರಿಲ್ 17ರಂದು ಕೊಲೆಯ ಹೊಣೆಯನ್ನು ಪೊಲೀಸರ ಮೇಲೂ, ಪ್ರಧಾನಿ ಲಾಯ್ಡ್ ಜಾರ್ಜ್ ಅವರ ಮೇಲೂ ಹೊರಿಸಿತು.

ಗೆಳೆಯನ ಪೀಠದಲ್ಲಿ ಟೆರೆನ್ಸ್ ಕುಳಿತರು. ಅಧಿಕಾರ ವಹಿಸಿಕೊಂಡ ದಿನ ಅವರು ಆಡಿದ ಮಾತಿನ ಸಾರ ಇಷ್ಟು: ಈ ಹೋರಾಟ ಸೇಡಿನ ಪೈಪೋಟಿಯಲ್ಲ, ಸಹನೆಯ ಪೈಪೋಟಿ. ಹೆಚ್ಚು ನೋವು ಕೊಡಬಲ್ಲವರಿಗಿಂತ ಹೆಚ್ಚು ನೋವು ತಾಳಬಲ್ಲವರೇ ಗೆಲ್ಲುವರು. ಅವರು ಶಸ್ತ್ರ ಹಿಡಿದ ದಳದ ಅಧಿಕಾರಿಯೂ ಆಗಿದ್ದರೆಂಬುದನ್ನು ನಾವು ಮುಚ್ಚಿಡಬಾರದು. ಆದರೆ ಅವರ ಹೆಸರು ಉಳಿದದ್ದು ಬಂದೂಕಿನಿಂದಲ್ಲ.

ಆ ಬೇಸಿಗೆಯಲ್ಲಿ ಸರ್ಕಾರ ಇನ್ನೊಂದು ಹೆಜ್ಜೆ ಇಟ್ಟಿತು. ಆಗಸ್ಟ್ 9ರಂದು ಐರ್ಲೆಂಡ್ ಸುವ್ಯವಸ್ಥೆ ಪುನಃಸ್ಥಾಪನಾ ಕಾಯ್ದೆ ಜಾರಿಗೆ ಬಂತು. ಯುದ್ಧಕಾಲದ ಡೋರಾ ಅಧಿಕಾರಗಳನ್ನು ಅದು ಶಾಂತಿಕಾಲಕ್ಕೂ ಎಳೆದು ತಂದಿತು. ಸಾಮಾನ್ಯ ಅಪರಾಧಗಳನ್ನೂ ಸೇನಾ ನ್ಯಾಯಾಲಯಕ್ಕೆ ಒಪ್ಪಿಸಿತು. ಮ್ಯಾಕ್ ಕರ್ಟನ್ ಪ್ರಕರಣದಲ್ಲಿ ಸತ್ಯ ಹೇಳಿದ್ದಂಥ ಜ್ಯೂರಿಗಳ ಬಾಯಿ ಮುಚ್ಚಿಸಲು ಸಾವಿನ ವಿಚಾರಣೆಯನ್ನೂ ಸೇನೆಯ ಕೈಗೆ ಕೊಡಲು ಅವಕಾಶ ಮಾಡಿತು.

ಮೂರೇ ದಿನಗಳ ನಂತರ, ಆಗಸ್ಟ್ 12ರ ಸಂಜೆ, ಸೈನಿಕರು ಕಾರ್ಕ್ ನಗರ ಭವನವನ್ನು ಸುತ್ತುವರಿದು ಮೇಯರ್ ಅವರನ್ನು ಹಿಡಿದರು. ಸಿಕ್ಕಿದ ಸಾಕ್ಷ್ಯವೆಂದರೆ ಕಾಗದಪತ್ರಗಳು: ಪೊಲೀಸರ ಸಂಕೇತ ಲಿಪಿಯ ಕೀಲಿ, ಐರಿಷ್ ಸಂಸತ್ತಿಗೆ ನಿಷ್ಠೆ ಸೂಚಿಸಿದ ನಗರಸಭೆಯ ನಿರ್ಣಯ, ಅವರದೇ ಭಾಷಣದ ಪ್ರತಿ. ಆ ಕ್ಷಣದಿಂದ ಅವರು ಆಹಾರ ಬಿಟ್ಟರು. ಕಾರ್ಕ್ ಸೆರೆಮನೆಯಲ್ಲಿ ಹಿಂದಿನ ದಿನದಿಂದಲೇ ಇತರ ಕೈದಿಗಳು ಉಪವಾಸ ಹೂಡಿದ್ದರು. ಆಗಸ್ಟ್ 16ರಂದು ಸೇನಾ ನ್ಯಾಯಾಲಯ ಅವರಿಗೆ ಎರಡು ವರ್ಷದ ಶಿಕ್ಷೆ ಕೊಟ್ಟಿತು. ಜನರು ಆರಿಸಿದ ಮೇಯರನ್ನು ವಿಚಾರಿಸುವ ಅಧಿಕಾರ ನಿಮಗಿಲ್ಲ, ಒಂದು ತಿಂಗಳೊಳಗೆ ಬದುಕಿಯೋ ಸತ್ತೋ ನಾನು ಸ್ವತಂತ್ರನಾಗುವೆ ಎಂಬರ್ಥದ ಮಾತನ್ನು ಅವರು ಶಾಂತವಾಗಿಯೇ ಹೇಳಿದರು.

ಬ್ರಿಕ್ಸ್‌ಟನ್ ಸೆರೆಮನೆ

ಅವರನ್ನು ಹಡಗಿನಲ್ಲಿ ಸಾಗಿಸಿ ಲಂಡನ್ನಿನ ಬ್ರಿಕ್ಸ್‌ಟನ್ ಸೆರೆಮನೆಗೆ ತಂದರು. ಸರ್ಕಾರ ಯಾಕೆ ಮಣಿಯಲಿಲ್ಲ ಎಂಬುದಕ್ಕೂ ಕಾರಣವಿತ್ತು. 1917ರಲ್ಲಿ ಒಂದು ಭಾಷಣಕ್ಕಾಗಿ ಸೆರೆಯಾಗಿದ್ದ ಥಾಮಸ್ ಆ್ಯಶ್ ಎಂಬ ಶಾಲಾ ಮುಖ್ಯೋಪಾಧ್ಯಾಯರಿಗೆ ಬಲವಂತವಾಗಿ ಆಹಾರ ತುರುಕಲು ಹೋಗಿ ಅವರು ಸತ್ತಿದ್ದರು. 1920ರ ಏಪ್ರಿಲ್‌ನಲ್ಲಿ ಡಬ್ಲಿನ್ನಿನ ಕೈದಿಗಳ ಉಪವಾಸಕ್ಕೆ ಮಣಿದು ಎಲ್ಲರನ್ನೂ ಬಿಡಬೇಕಾಗಿ ಬಂದಿತ್ತು. ಇನ್ನೊಮ್ಮೆ ಮಣಿದರೆ ಆಳ್ವಿಕೆಯೇ ಸಡಿಲವಾಗುವುದೆಂದು ಮಂತ್ರಿಮಂಡಲ ಹೆದರಿತು. ದೊರೆ ಐದನೆಯ ಜಾರ್ಜ್ ಅವರೇ ದಯೆ ತೋರುವುದು ಒಳ್ಳೆಯದೆಂದು ಸೂಚಿಸಿದರೂ ಲಾಯ್ಡ್ ಜಾರ್ಜ್ ಒಪ್ಪಲಿಲ್ಲ.

ಸೆರೆಮನೆಯ ಮಂಚದ ಸುತ್ತ ಒಂದು ಕುಟುಂಬ ಸೇರಿತು. ಪತ್ನಿ ಮ್ಯೂರಿಯಲ್, ಅಕ್ಕ ಮೇರಿ, ಸಹೋದರಿ ಆ್ಯನಿ, ಸಹೋದರರಾದ ಶಾನ್ ಮತ್ತು ಪೀಟರ್ ಸರದಿಯಲ್ಲಿ ಕಾದರು. ಅವರ ಆತ್ಮಿಕ ಗುರು, ಕಪುಚಿನ್ ಸಭೆಯ ಫಾದರ್ ಡೊಮಿನಿಕ್ ಓ’ಕಾನರ್, ಕೊನೆಯವರೆಗೂ ಬಿಟ್ಟುಹೋಗಲಿಲ್ಲ. ಟೆರೆನ್ಸ್ ಪರಮಪ್ರಸಾದ ಸ್ವೀಕರಿಸುತ್ತಿದ್ದರು, ಪ್ರಾರ್ಥಿಸುತ್ತಿದ್ದರು. ಧರ್ಮಾಧ್ಯಕ್ಷ ಕೊಹಲನ್ ಬಂದು ನೋಡಿದರು. ಮೆಲ್ಬೋರ್ನಿನ ಮಹಾಧರ್ಮಾಧ್ಯಕ್ಷ ಡೇನಿಯಲ್ ಮ್ಯಾನಿಕ್ಸ್ ಕೂಡ ಬಂದರು. ಅವರದೂ ಅದೇ ಕಥೆ. ಹೆತ್ತ ತಾಯಿಯನ್ನು ನೋಡಲು ಐರ್ಲೆಂಡಿಗೆ ಹೊರಟಿದ್ದ ಅವರನ್ನು ಆಗಸ್ಟ್ 8ರಂದು ಬ್ರಿಟಿಷ್ ನೌಕಾಪಡೆ ಸಮುದ್ರದಲ್ಲೇ ಹಡಗಿನಿಂದ ಇಳಿಸಿಕೊಂಡು, ತಾಯ್ನಾಡಿಗೆ ಕಾಲಿಡದಂತೆ ತಡೆದಿತ್ತು.

ದಿನಗಳು ವಾರಗಳಾದವು, ವಾರಗಳು ತಿಂಗಳಾದವು. ನ್ಯೂಯಾರ್ಕಿನ ಬಂದರಿನಲ್ಲಿ ಕೂಲಿಗಳು ಬ್ರಿಟಿಷ್ ಹಡಗುಗಳ ಕೆಲಸ ನಿಲ್ಲಿಸಿದರು. ಜಗತ್ತಿನ ಪತ್ರಿಕೆಗಳು ದಿನದ ಲೆಕ್ಕ ಬರೆಯತೊಡಗಿದವು. ಅಕ್ಟೋಬರ್ 17ರಂದು ಕಾರ್ಕ್ ಸೆರೆಯಲ್ಲಿ ಮೈಕಲ್ ಫಿಟ್ಜ್‌ಜೆರಾಲ್ಡ್ ತಮ್ಮ ಉಪವಾಸದ 67ನೆಯ ದಿನ ತೀರಿಕೊಂಡರು. ಕೆಲದಿನಗಳಲ್ಲಿ ಟೆರೆನ್ಸ್ ಪ್ರಜ್ಞೆ ತಪ್ಪಿದರು. ಆಗ ವೈದ್ಯರು ಬಾಯಿಗೆ ಸ್ವಲ್ಪ ಆಹಾರ ಹಾಕಿದರು, ಪ್ರಯೋಜನವಾಗಲಿಲ್ಲ. ಅಕ್ಟೋಬರ್ 25ರ ಬೆಳಗಿನ ಜಾವ, ಫಾದರ್ ಡೊಮಿನಿಕ್ ಮತ್ತು ಸಹೋದರ ಶಾನ್ ಬಳಿಯಲ್ಲಿರುವಾಗ, ಅವರು ಕೊನೆಯುಸಿರೆಳೆದರು. ವಯಸ್ಸು 41. ಅದೇ ಸಂಜೆ ಕಾರ್ಕ್‌ನಲ್ಲಿ ಜೋಸೆಫ್ ಮರ್ಫಿ ಎಂಬ ಯುವಕನೂ ತೀರಿಕೊಂಡ. ಉಳಿದ ಒಂಬತ್ತು ಮಂದಿ ನವೆಂಬರ್ 12ರಂದು, ನಾಯಕರ ಕರೆಗೆ ಓಗೊಟ್ಟು, ಉಪವಾಸ ಬಿಟ್ಟರು.

ಇದು ಆತ್ಮಹತ್ಯೆಯೇ?

ಪ್ರಿಯ ವಾಚಕರೇ, ಈಗ ಆ ಕಠಿಣ ಪ್ರಶ್ನೆಗೆ ಬರೋಣ. ಪ್ರಾಣ ದೇವರ ಕೊಡುಗೆ. ನಾವು ಅದರ ಒಡೆಯರಲ್ಲ, ಪಾಲಕರು ಮಾತ್ರ. ಬೇಕೆಂದೇ ಅದನ್ನು ಕಳೆಯುವುದು ಐದನೆಯ ಕಟ್ಟಳೆಗೆ ವಿರುದ್ಧ. ಈ ಬೋಧನೆಯಲ್ಲಿ ಎರಡು ಮಾತಿಲ್ಲ.

ಹಾಗಾದರೆ ಮ್ಯಾಕ್‌ಸ್ವೀನಿ? ಕ್ಯಾನನ್ ಜಾನ್ ವಾಟರ್ಸ್ ಎಂಬ ಐರಿಷ್ ಗುರು 1918ರಲ್ಲೇ ಇಂಥ ಉಪವಾಸವನ್ನು ನೀತಿಶಾಸ್ತ್ರದ ದೃಷ್ಟಿಯಿಂದ ಪ್ರಶ್ನಿಸಿ ಬರೆದಿದ್ದರು. ಯೇಸುಸಭೆಯ ಫಾದರ್ ಪಿ. ಜೆ. ಗ್ಯಾನನ್ 1920ರಲ್ಲಿ ಇದು ಆತ್ಮಹತ್ಯೆಯಲ್ಲವೆಂದು ವಾದಿಸಿದರು. ವಾದದ ತಿರುಳು ಉದ್ದೇಶದ ಕುರಿತದ್ದು. ಒಂದೇ ಕೃತ್ಯದಿಂದ ಒಳ್ಳೆಯದೂ ಕೆಟ್ಟದ್ದೂ ಹೊರಡಬಹುದಾದಾಗ ನಮ್ಮ ನೀತಿಶಾಸ್ತ್ರ ಕೆಲವು ಪ್ರಶ್ನೆಗಳನ್ನು ಕೇಳುತ್ತದೆ. ಕೃತ್ಯ ತನ್ನಷ್ಟಕ್ಕೆ ಕೆಟ್ಟದ್ದೇ? ಮನುಷ್ಯ ಬಯಸಿದ್ದು ಯಾವುದನ್ನು? ಕೆಟ್ಟದ್ದನ್ನೇ ಮೆಟ್ಟಿಲು ಮಾಡಿಕೊಂಡು ಒಳ್ಳೆಯದಕ್ಕೆ ಹತ್ತಿದನೇ? ಅಷ್ಟು ದೊಡ್ಡ ಅಪಾಯಕ್ಕೆ ತಕ್ಕ ಕಾರಣವಿತ್ತೇ? ಪ್ಲೇಗಿನ ಮನೆಗೆ ಹೋಗಿ ಅವಸ್ಥೆಯ ಸಂಸ್ಕಾರ ಕೊಡುವ ಗುರು, ಉರಿಯುವ ಮನೆಯೊಳಗೆ ನೆರೆಯವರ ಮಗುವಿಗಾಗಿ ನುಗ್ಗುವ ತಾಯಿ ಸಾವನ್ನು ಬಯಸುವುದಿಲ್ಲ, ಸಾವಿನ ಅಪಾಯವನ್ನು ಒಪ್ಪಿಕೊಳ್ಳುತ್ತಾರೆ. ಮ್ಯಾಕ್‌ಸ್ವೀನಿಯೂ ಬಯಸಿದ್ದು ಬಿಡುಗಡೆಯನ್ನು, ಸಾವನ್ನಲ್ಲ. ಬಾಗಿಲ ಕೀಲಿ ಸರ್ಕಾರದ ಕೈಯಲ್ಲಿತ್ತು. ಯಾವ ದಿನ ತೆರೆದಿದ್ದರೂ ಅವರು ಊಟ ಮಾಡುತ್ತಿದ್ದರು. ಇದು ಸಮರ್ಥಿಸುವವರ ಮಾತು.

ಎದುರು ಪಕ್ಷದ ಮಾತೂ ಹಗುರವಲ್ಲ. ಉರಿಯುವ ಮನೆಗೆ ಬೆಂಕಿ ಹಚ್ಚಿದ್ದು ಆ ತಾಯಿಯಲ್ಲ. ಇಲ್ಲಿ ಆಹಾರ ಬಿಟ್ಟದ್ದು ಅವರೇ. ಸಾವಿನ ಬೆದರಿಕೆಯೇ ಇಲ್ಲಿ ಒತ್ತಾಯದ ಸಾಧನವಲ್ಲವೇ? ಪುಟ್ಟ ಮಗುವಿನ ತಂದೆಗೆ ಬದುಕುವ ಹೊಣೆಯಿಲ್ಲವೇ?

ರೋಮ್ ಈ ವಿಷಯದಲ್ಲಿ ಬಹಿರಂಗ ತೀರ್ಪು ಕೊಡಲಿಲ್ಲ. ಆದರೆ ಯಾವ ಗುರುವೂ ಅವರಿಗೆ ಸಂಸ್ಕಾರಗಳನ್ನು ನಿರಾಕರಿಸಲಿಲ್ಲ. ಸಾವಿನ ವಿಚಾರಣೆ ನಡೆಸಿದ ಇಂಗ್ಲಿಷ್ ಜ್ಯೂರಿ ಕೂಡ ಆಹಾರ ನಿರಾಕರಣೆಯಿಂದ ಹೃದಯ ನಿಂತಿತೆಂದು ಬರೆಯಿತೇ ಹೊರತು ಆತ್ಮಹತ್ಯೆಯೆಂದು ಬರೆಯಲಿಲ್ಲ. ನನ್ನ ಅಲ್ಪಮತಿಗೆ ತೋಚುವುದಿಷ್ಟು: ಅವರ ಮನಸ್ಸಾಕ್ಷಿ ಪ್ರಾಮಾಣಿಕವಾಗಿತ್ತು, ತಿಂಗಳುಗಟ್ಟಲೆ ಪ್ರಾರ್ಥನೆಯಲ್ಲಿ ಪರೀಕ್ಷೆಗೆ ಒಳಗಾಗಿತ್ತು. ಆ ಮನುಷ್ಯನನ್ನು ಖಂಡಿಸುವ ಅಧಿಕಾರ ನಮಗಿಲ್ಲ. ಹಾಗೆಂದು ಅವರ ದಾರಿಯನ್ನು ಎಲ್ಲರಿಗೂ ನಿಯಮವೆಂದು ಬೋಧಿಸಲೂ ಆಗದು.

ಸಾವಿನ ನಂತರ

ಸೌತ್‌ವಾರ್ಕ್‌ನ ಧರ್ಮಾಧ್ಯಕ್ಷ ಪೀಟರ್ ಅಮಿಗೊ ಲಂಡನ್ನಿನ ಸಂತ ಜಾರ್ಜರ ಪ್ರಧಾನಾಲಯದ ಬಾಗಿಲನ್ನು ತೆರೆದರು. ಸಹಸ್ರಾರು ಜನರು ಶವಪೆಟ್ಟಿಗೆಯ ದರ್ಶನ ಪಡೆದರು, ಸತ್ತವರಿಗಾಗಿ ಬಲಿಪೂಜೆ ನಡೆಯಿತು. ಡಬ್ಲಿನ್ನಿಗೆ ಹೋಗಬೇಕಿದ್ದ ಶವವನ್ನು ಸರ್ಕಾರ ದಾರಿಯಲ್ಲೇ ಕಿತ್ತುಕೊಂಡು ನೇರ ಕಾರ್ಕ್‌ಗೆ ಸಾಗಿಸಿತು. ಸತ್ತವನ ಮೆರವಣಿಗೆಗೂ ಹೆದರುವಷ್ಟು ಬಲಹೀನವಾಗಿತ್ತು ಆ ಬಲ. ಅಕ್ಟೋಬರ್ 31ರಂದು, ಸಕಲ ಸಂತರ ಹಬ್ಬದ ಹಿಂದಿನ ದಿನ, ಸಂತ ಫಿನ್‌ಬಾರರ ಸಮಾಧಿ ಭೂಮಿಯಲ್ಲಿ ಗೆಳೆಯ ಮ್ಯಾಕ್ ಕರ್ಟನ್ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಿದರು. ಡಿಸೆಂಬರ್ 11ರ ರಾತ್ರಿ ಸರ್ಕಾರದ ಪಡೆಗಳೇ ಕಾರ್ಕ್‌ಗೆ ಬೆಂಕಿಯಿಟ್ಟವು, ಅವರು ಕುಳಿತಿದ್ದ ನಗರ ಭವನ ಸುಟ್ಟು ಬೂದಿಯಾಯಿತು. 1921ರ ಜುಲೈನಲ್ಲಿ ಕದನ ವಿರಾಮ, ಡಿಸೆಂಬರಿನಲ್ಲಿ ಒಪ್ಪಂದ ಬಂದವು.

ಈ ಕಥೆ ಭಾರತಕ್ಕೂ ಸೇರಿದ್ದು. ಡೋರಾದ ತಂಗಿಯಂತೆ ಇಲ್ಲಿ 1915ರಲ್ಲಿ ಭಾರತ ರಕ್ಷಣಾ ಕಾಯ್ದೆ ಬಂದಿತ್ತು. 1917ರಲ್ಲಿ ಆ್ಯನಿ ಬೆಸೆಂಟರನ್ನು ಊಟಿಯಲ್ಲಿ ನಿರ್ಬಂಧದಲ್ಲಿ ಇಟ್ಟದ್ದು ಅದರ ಬಲದಿಂದಲೇ. ಯುದ್ಧ ಮುಗಿದ ಮೇಲೆ ಅದೇ ಅಧಿಕಾರಗಳನ್ನು ಉಳಿಸಿಕೊಳ್ಳಲು 1919ರಲ್ಲಿ ರೌಲತ್ ಕಾಯ್ದೆ ತಂದರು. ಗಾಂಧೀಜಿ ಸತ್ಯಾಗ್ರಹಕ್ಕೆ ಕರೆಕೊಟ್ಟರು, ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ರಕ್ತ ಹರಿಯಿತು. ಆಗ ಪಂಜಾಬನ್ನು ಆಳುತ್ತಿದ್ದ ಮೈಕಲ್ ಓ’ಡ್ವಯರ್ ಐರ್ಲೆಂಡಿನ ಟಿಪ್ಪರೆರಿಯ ಕಥೋಲಿಕರು! ಒಂದೇ ಮಣ್ಣು, ಒಂದೇ ವಿಶ್ವಾಸ. ಒಬ್ಬರು ತುರ್ತು ಕಾನೂನನ್ನು ಕೈಯಲ್ಲಿ ಹಿಡಿದರು, ಇನ್ನೊಬ್ಬರು ಅದರ ಕೆಳಗೆ ಪ್ರಾಣ ಬಿಟ್ಟರು. ಜ್ಞಾನಸ್ನಾನ ಪಡೆದ ಮಾತ್ರಕ್ಕೆ ನ್ಯಾಯದ ಕಣ್ಣು ತೆರೆಯುವುದಿಲ್ಲವೆಂಬ ಪಾಠ ಇದರಲ್ಲಿದೆ. 1929ರ ಸೆಪ್ಟೆಂಬರ್ 13ರಂದು ಲಾಹೋರಿನ ಸೆರೆಯಲ್ಲಿ ಜತೀಂದ್ರನಾಥ ದಾಸ್ 63 ದಿನಗಳ ಉಪವಾಸದ ನಂತರ ತೀರಿಕೊಂಡಾಗ ಮ್ಯಾಕ್‌ಸ್ವೀನಿ ಕುಟುಂಬದಿಂದ ಭಾರತಕ್ಕೆ ಸಂತಾಪದ ತಂತಿ ಬಂತು.

ಆದರೆ ಕಥೆಯ ಕಹಿ ಭಾಗವನ್ನೂ ಹೇಳಬೇಕು. ಒಪ್ಪಂದದ ಮೇಲೆ ಐರಿಷ್ ಜನರೇ ಎರಡಾಗಿ 1922ರಲ್ಲಿ ಅಂತರ್ಯುದ್ಧಕ್ಕೆ ಇಳಿದರು. ನಿನ್ನೆಯ ಕೈದಿಗಳು ಇಂದಿನ ಮಂತ್ರಿಗಳಾಗಿ, ತಾವೇ ಸೇನಾ ನ್ಯಾಯಾಲಯ ತೆರೆದು, 70ಕ್ಕೂ ಹೆಚ್ಚು ಸ್ವದೇಶೀಯರನ್ನು ಗುಂಡಿಟ್ಟು ಕೊಂದರು. ಅಕ್ಕ ಮೇರಿ ಮ್ಯಾಕ್‌ಸ್ವೀನಿ ಈ ಸಲ ಐರಿಷ್ ಸರ್ಕಾರದ ಸೆರೆಯಲ್ಲೇ 24 ದಿನ ಉಪವಾಸ ಮಾಡಬೇಕಾಯಿತು. 1923ರಲ್ಲಿ ಡೆನಿಸ್ ಬ್ಯಾರಿ ಎಂಬ ಕೈದಿ ಉಪವಾಸದಿಂದ ಸತ್ತಾಗ ಅದೇ ಧರ್ಮಾಧ್ಯಕ್ಷ ಕೊಹಲನ್ ಅವರಿಗೆ ಧರ್ಮಸಭೆಯ ಶವಸಂಸ್ಕಾರ ನಿರಾಕರಿಸಿದರು. ಉಪವಾಸ ಅದೇ ಆಗಿತ್ತು, ಕಾಲ ಮಾತ್ರ ಬದಲಾಗಿತ್ತು. ನಮ್ಮ ಸ್ವತಂತ್ರ ಭಾರತವೂ ಈ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ. 1975ರಿಂದ 1977ರ ತುರ್ತು ಪರಿಸ್ಥಿತಿಯಲ್ಲಿ ಆಂತರಿಕ ಭದ್ರತೆಯ ಹೆಸರಿನ ಕಾನೂನಿನಡಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇಟ್ಟಿದ್ದ ನಟಿ ಸ್ನೇಹಲತಾ ರೆಡ್ಡಿ, ಆರೋಗ್ಯ ಕೆಟ್ಟು ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಇನ್ನು ಆ ಪುಟ್ಟ ಮಗು ಮಾಯ್ರಾ? ಗಂಡನ ಸಾವಿನ ನಂತರ ಮ್ಯೂರಿಯಲ್ ಅಮೆರಿಕಕ್ಕೆ ಹೋಗಿ ಧೈರ್ಯದಿಂದ ಸಾಕ್ಷಿ ಹೇಳಿದರು. ಆದರೆ ಒಳಗೊಳಗೇ ಅವರ ಮನಸ್ಸು ಕುಸಿದಿತ್ತು. ವಿಶ್ವಾಸದಿಂದಲೂ ದೂರವಾದರು. ಮಗಳನ್ನು ಜರ್ಮನಿಗೆ ಕರೆದೊಯ್ದು ಪರರ ಆಶ್ರಯದಲ್ಲಿ ಬೆಳೆಸಿದರು. ಹುಡುಗಿ ತಾಯ್ನಾಡಿನ ಭಾಷೆಗಳನ್ನೇ ಮರೆತಳು. 1932ರಲ್ಲಿ ಅತ್ತೆ ಮೇರಿ ಹೋಗಿ ಅವಳನ್ನು ಐರ್ಲೆಂಡಿಗೆ ಕರೆತಂದರು. ತಾಯಿ ನ್ಯಾಯಾಲಯಕ್ಕೆ ಹೋದರು, ತೀರ್ಪು ಅತ್ತೆಯ ಕಡೆಗಾಯಿತು. ತಾಯಿ ಮಗಳು ಮುಂದೆಂದೂ ಒಂದಾಗಲಿಲ್ಲ. ಮ್ಯೂರಿಯಲ್ 1982ರಲ್ಲಿ ತೀರಿಕೊಂಡರು. ಮಾಯ್ರಾ ಮಾತ್ರ ಅಂತರ್ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡಿದ್ದ ರುವರಿ ಬ್ರೂಹಾ ಅವರನ್ನು ಮದುವೆಯಾಗಿ, ತುಂಬು ಸಂಸಾರ ನಡೆಸಿ, 2012ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ವೀರರ ಪಟಗಳನ್ನು ಗೋಡೆಗೆ ತೂಗುಹಾಕುವ ನಾವು ಆ ವೀರತನದ ಬೆಲೆಯನ್ನು ಮನೆಯೊಳಗೆ ಯಾರು ತೆತ್ತರೆಂದು ಕೇಳುವುದು ಕಡಿಮೆ.

ನಮಗೇನು ಪಾಠ?

ಭಯ ಬಂದಾಗ ಕಠಿಣ ಕಾನೂನಿಗೆ ಕೈಯೆತ್ತುವುದು ಸುಲಭ. ಭಯ ಹೋದ ಮೇಲೆ ಅದನ್ನು ಕೆಳಗಿಡುವುದು ಕಷ್ಟ. ದೊಡ್ಡ ಸರ್ಕಾರಗಳಲ್ಲಿ ಮಾತ್ರವಲ್ಲ, ನಮ್ಮ ಮನೆಗಳಲ್ಲೂ ಹೀಗೆಯೇ. ಒಂದು ತಪ್ಪಿಗಾಗಿ ಮಗನ ಮೇಲೆ ಹೇರಿದ ಕಟ್ಟು ವರ್ಷ ಕಳೆದರೂ ಸಡಿಲುವುದಿಲ್ಲ. ಒಂದು ಸಂಶಯದಿಂದ ಸೊಸೆಯ ಮೇಲೆ ಇಟ್ಟ ಕಾವಲು ಸಂಶಯ ತೀರಿದರೂ ತೆರವಾಗುವುದಿಲ್ಲ. ಸರ್ವರ ಹಿತ ಎಂಬ ಹೆಸರಿನಲ್ಲಿ ಯಾರ ಬಾಯಿ ಮುಚ್ಚಿದ್ದೇವೆ, ಆ ಅಗತ್ಯ ಇನ್ನೂ ಇದೆಯೇ ಎಂದು ಆಗಾಗ ಕೇಳಿಕೊಳ್ಳುವುದು ಕ್ರೈಸ್ತ ಮನಸ್ಸಾಕ್ಷಿಯ ಕೆಲಸ. ಕಾನೂನು ಮನುಷ್ಯನಿಗಾಗಿಯೇ ಹೊರತು ಮನುಷ್ಯ ಕಾನೂನಿಗಾಗಿ ಅಲ್ಲವೆಂಬುದನ್ನು ನಮ್ಮ ಪ್ರಭು ಸಬ್ಬತ್ ದಿನದ ವಾದದಲ್ಲಿ ಫರಿಸಾಯರಿಗೆ ತೋರಿಸಿಕೊಟ್ಟರು.

ನವೆಂಬರಿನಲ್ಲಿ ಮೃತರಿಗಾಗಿ ಪ್ರಾರ್ಥಿಸುವಾಗ ವಿಚಾರಣೆಯಿಲ್ಲದೆ ಸೆರೆಯಲ್ಲಿ ಸತ್ತವರನ್ನೂ, ಅವರಿಗಾಗಿ ಬಾಗಿಲಲ್ಲಿ ಕಾದ ತಾಯಂದಿರನ್ನೂ, ಅವರನ್ನು ಬಂಧಿಸಿದವರನ್ನೂ ಒಟ್ಟಿಗೆ ನೆನೆಯೋಣ. ತಾವೇ ಅನ್ಯಾಯದ ತೀರ್ಪಿಗೆ ಒಳಗಾದ ಪ್ರಭು ಎಲ್ಲರಿಗೂ ನ್ಯಾಯವನ್ನೂ ಕರುಣೆಯನ್ನೂ ದಯಪಾಲಿಸಲಿ.